ಎರಡು ಕೈಯ ಭಾರ

"ಎರಡೂ ಬಾಗಿಲು ತೆಗೆದಿಟ್ಟಿದ್ದೀನಿ. ಆದ್ರೂ ಒಳಗೆ ಬಿಸಿ ಏರ್ತಾನೇ ಇದೆ," ಎಂದಳು ಆಕೆ, ಕರೆಂಟಪ್ಪ ಗಾಡಿಯಿಂದ ಇಳಿಯುವ ಮೊದಲೇ.

ಬಿರುಗಾಳಿಗೆ ಕಂಬಗಳು ಮಲಗಿ, ಬೆಳಗಿನಿಂದ ಸೊಪ್ಪು ಹದಮಾಡುವ ಮನೆಯ, ಬ್ಯಾರನ್ನಿನ, ಫ್ಯಾನು ನಿಂತಿತ್ತು. ಒಳಗೆ ಸಾಲುಸಾಲಾಗಿ ತೂಗುಬಿಟ್ಟ ಹೊಗೆಸೊಪ್ಪು ಆಗಷ್ಟೇ ಹಳದಿಗೆ ತಿರುಗುತ್ತಿತ್ತು. ಗಾಳಿಯಾಡದಿದ್ದರೆ ಸಂಜೆಯೊಳಗೆ ತನ್ನ ಬಿಸಿಯಲ್ಲೇ ಬೆಂದು ಕಪ್ಪಾಗುತ್ತದೆ. ವರ್ಷದ ದುಡಿಮೆ ತಿಪ್ಪೆಗೆ. ಇಂಥ ಹೊತ್ತಿನಲ್ಲಿ ಬಾಡಿಗೆ ಜನರೇಟರನ್ನು ಮನೆಯಿಂದ ಮನೆಗೆ ಒಯ್ದು, ಒಬ್ಬೊಬ್ಬರಿಗೆ ಮೂರು ಗಂಟೆ ಗಾಳಿ ಹಂಚುವವನಿಗೆ ಊರು ಇಟ್ಟ ಹೆಸರು ಕರೆಂಟಪ್ಪ. ಕರೆಂಟು ಕೈಕೊಟ್ಟರೂ ಕರೆಂಟಪ್ಪ ಕೈಬಿಡುವುದಿಲ್ಲ ಎಂದು ನಗುತ್ತಿದ್ದರು.

ಈ ಅಂಗಳಕ್ಕೆ ಮಾತ್ರ ಅವನು ವರ್ಷದಿಂದ ಕಾಲಿಟ್ಟಿರಲಿಲ್ಲ. ಪಡಸಾಲೆಯ ಗೋಡೆಗೆ ಹತ್ತಿದ ಹೊಗೆಯ ಮಸಿ ಹಾಗೇ ಇತ್ತು. ಹೋದ ವರ್ಷದ ಬಿರುಗಾಳಿಯಲ್ಲಿ ಆಕೆಯ ಗಂಡ ಅಲ್ಲೇ, ಓಡುತ್ತಿದ್ದ ಜನರೇಟರಿನ ಪಕ್ಕ ಮಂಚ ಹಾಕಿಕೊಂಡು ಕಾವಲು ಮಲಗಿದ್ದ. ಗಾಳಿಗೆ ಬಾಗಿಲು ಮುಚ್ಚಿಕೊಂಡು ಯಂತ್ರದ ಹೊಗೆ ಒಳಗೇ ತುಂಬಿತ್ತು. ಆಕೆ ತವರಿನಿಂದ ಓಡಿಬರುವಷ್ಟರಲ್ಲಿ ಸೊಪ್ಪು ಬಂಗಾರದ ಬಣ್ಣಕ್ಕೆ ಬಂದಿತ್ತು, ಗಂಡ ತಣ್ಣಗಾಗಿದ್ದ.

ಅಂದಿನಿಂದ ಕರೆಂಟಪ್ಪನಿಗೆ ಯಂತ್ರ ನಿಲ್ಲಿಸಿದ ಮೇಲೂ ಅದರ ಸದ್ದು ಕಿವಿಯಲ್ಲಿ ಓಡುತ್ತಲೇ ಇರುತ್ತಿತ್ತು. ಊಟಕ್ಕೆ ಕೂತವನು ತಟ್ಟನೆ, "ಯಾರಾದ್ರೂ ಅದನ್ನ ಆಫ್ ಮಾಡ್ರಪ್ಪ," ಎನ್ನುವನು. ಹೆಂಡತಿ ಸುಮ್ಮನೆ ಅವನ ಮುಖ ನೋಡುವಳು.

"ಎಲ್ಲಿಡ್ಲಿ ಅಕ್ಕ?" ಎಂದ ಈಗ, ಗಾಡಿಯಿಂದ ಇಳಿದು.

"ಬೇಲಿ ಹತ್ರ. ಉದ್ದದ ವೈರು ತಂದಿಟ್ಟಿದ್ದೀನಿ. ಮಳೆ ಬಂದ್ರೆ ಮೇಲೊಂದು ತಗಡು ಹಿಡಿದ್ರಾಯ್ತು. ನಿಮ್ಮಣ್ಣಂಗೆ ಇಷ್ಟು ಬುದ್ಧಿ ಇರ್ಲಿಲ್ಲ. ನೆನೆಯುತ್ತೆ ಅಂತ ಒಬ್ಬರೇ ಒಳಗೆ ಎಳ್ಕೊಂಡ್ರು. ಹಠಮಾರಿ."

ಅವನು ಯಂತ್ರಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿದ. "ಇಳಿಸೋಕೆ ಒಂದು ಕೈ ಹಿಡೀತೀರಾ?"

ಇಬ್ಬರೂ ಹಿಡಿದರು. ಹೇಗೋ ನೆಲಕ್ಕಿಳಿಸುವಷ್ಟರಲ್ಲಿ ಆಕೆಯ ಮೊಣಕಾಲು ಕುಸಿದವು. ಕೆಂಪಾದ ಅಂಗೈ ನೋಡಿಕೊಂಡಳು. ಆಮೇಲೆ ಯಂತ್ರವನ್ನು, ಪಡಸಾಲೆಗೆ ಹತ್ತುವ ಮೂರು ಮೆಟ್ಟಿಲನ್ನು, ಕೊನೆಗೆ ಅವನನ್ನು.

"ಇದನ್ನ ಒಬ್ಬರೇ ಎತ್ತೋಕಾಗಲ್ಲ," ಎಂದಳು ಮೆಲ್ಲಗೆ.

"ಇಲ್ಲ ಅಕ್ಕ." ಅವನ ದನಿ ಅವನಿಗೇ ಕೇಳಿಸಲಿಲ್ಲ. "ಇನ್ನೊಂದು ಕೈ ನಂದು. ಅಣ್ಣ ಒಳಗೆ ಬೇಡ ಅಂದ್ರು. ಏನೂ ಆಗಲ್ಲ, ಬಾಗಿಲು ತೆಗೆದಿದ್ರೆ ಸಾಕು ಅಂದೋನು ನಾನೇ."

ಆಕೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಒಂದು ವರ್ಷದಿಂದ ದಿನಾ ಅವರನ್ನೇ ಬೈತಿದ್ದೀನಿ," ಎಂದಳು. "ಹೆಣದ ಮುಂದೆ ಕೂತು ಬೈದಾಗ್ಲೂ ನೀನು ನಿಂತು ಕೇಳಿಸ್ಕೊಂಡೆ."

ಅವನು ತಲೆ ತಗ್ಗಿಸಿದ. ಆಕೆ ಬಗ್ಗಿ ಮತ್ತೆ ಹಿಡಿಗೆ ಕೈ ಹಾಕಿದಳು.

"ಎತ್ತು. ಸೊಪ್ಪು ಕಾಯಲ್ಲ."

ಫ್ಯಾನು ತಿರುಗಿತು, ಮಳೆಯೂ ಶುರುವಾಯಿತು. ಮೂರು ಗಂಟೆ ಅವನು ಮಳೆಯಲ್ಲಿ ತಗಡು ಹಿಡಿದು ನಿಂತ. ಆಕೆ ಬ್ಯಾರನ್ನಿನೊಳಗೆ ಎಲೆ ಎಲೆಯನ್ನೂ ಮುಟ್ಟಿ ನೋಡುತ್ತಿದ್ದಳು. ಈ ಕಡೆ ಒಮ್ಮೆಯೂ ತಿರುಗಲಿಲ್ಲ. ಸರದಿ ಮುಗಿದಾಗ ಬಂದು, ಮಾತಿಲ್ಲದೆ ಯಂತ್ರವನ್ನು ಗಾಡಿಗೇರಿಸಲು ನೆರವಾದಳು.

"ಕಾವು ಇಳಿದಿದೆ. ಸಂಜೆ ಇನ್ನೊಂದ್ಸಲ ಬಾ." ಹೊರಟವಳು ನಿಂತಳು. "ಒಳಗಿಡಬೇಡಿ ಅಂತ ಬೇರೆಯವರಿಗೆ ಹೇಳ್ತೀಯಾ?"

"ಹೇಳ್ತೀನಿ ಅಕ್ಕ."

"ಯಾಕೆ ಅಂತಾನೂ?"

ಅವನು ಗಾಡಿ ಹತ್ತಿದ.

ಮುಂದಿನ ಮನೆಯ ಯಜಮಾನ ಛತ್ರಿ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದ. "ಬಾರಪ್ಪ ಕರೆಂಟಪ್ಪ, ಮಳೆ ಜೋರಾಯ್ತು. ಸೀದಾ ಒಳಗೇ ತಂದುಬಿಡು."

ಕರೆಂಟಪ್ಪ ಗಾಡಿಯಿಂದಿಳಿದ. ತೆರೆದ ಬಾಗಿಲನ್ನೂ ಅದರಾಚೆ ಹಾಸಿದ್ದ ಚಾಪೆಯನ್ನೂ ನೋಡಿದ.

"ಒಳಗೆ ಬೇಡ ಯಜಮಾನ್ರೇ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಕೇಳಿ," ಎಂದು ಶುರು ಮಾಡಿದ.

ಯಜಮಾನ ಹತ್ತಿರ ಬಂದು, ಛತ್ರಿಯನ್ನು ಅವನ ಕಡೆಗೂ ತುಸು ವಾಲಿಸಿದ.