ಬಲಗೆನ್ನೆ

ಆಸ್ಪತ್ರೆಯಿಂದ ನರ್ಸಮ್ಮ ಫೋನು ಮಾಡಿದಾಗ ಮಗಳು ತನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕಿವಿಗೆ ಫ್ರೇಮಿನ ಕಡ್ಡಿ ಹೊಂದಿಸುತ್ತಿದ್ದಳು.

"ನಿಮ್ಮ ತಂದೆ ಮಗ್ಗುಲು ಬದಲಾಯಿಸೋಕೇ ಒಪ್ತಿಲ್ಲ," ಎಂದಳು ನರ್ಸಮ್ಮ. "ಬಂದಾಗಿಂದ ಬಲಮಗ್ಗುಲಲ್ಲೇ ಮಲಗಿದಾರೆ. ಭುಜ ಹುಣ್ಣಾಗ್ತಿದೆ, ಎದೆಯಲ್ಲಿ ಕಫ ಕಟ್ಕೊಳ್ತಿದೆ. ಎಡಕ್ಕೆ ತಿರುಗಿಸೋಕೆ ಹೋದ್ರೆ ಮಂಚದ ಸರಳು ಹಿಡ್ಕೊಂಡು ಬಿಡ್ತಾರೆ. ದೊಡ್ಡ ಮನುಷ್ಯರು, ನಾವು ಎಷ್ಟೂಂತ ಜೋರು ಮಾಡೋದು? ನೀವಾದ್ರೂ ಬಂದು ಹೇಳಿ."

ಬಲಮಗ್ಗುಲು ಎಂದ ಕೂಡಲೇ ಮಗಳಿಗೆ ಎಲ್ಲ ಅರ್ಥವಾಯಿತು. ನಗುವೂ ಬಂತು, ಸಿಟ್ಟೂ ಬಂತು. ಬಲಗೆನ್ನೆಯನ್ನು ದಿಂಬಿನಲ್ಲಿ ಹುದುಗಿಸಿ, ಎಡಗೆನ್ನೆಯನ್ನು ಬಂದುಹೋಗುವವರಿಗೆ ಕೊಟ್ಟು ಮಲಗಿದ್ದಾನೆ ಮಹಾರಾಯ. ಸಾಯುವುದಕ್ಕೂ ಅಪ್ಪ ಕ್ಯಾಮೆರಾ ಎಲ್ಲಿದೆ ಎಂದು ನೋಡಿಕೊಂಡೇ ಹೊರಟಿದ್ದಾನೆ ಅಂದುಕೊಂಡಳು.

ಕಪ್ಪುಬಿಳುಪಿನ ಕಾಲದ ಸಿನಿಮಾ ನೋಡಿದವರಿಗೆಲ್ಲ ಅವನ ಎಡಗೆನ್ನೆ ಗೊತ್ತು. ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. "ಎಡಗೆನ್ನೆ ಬಂತಾ?" "ಎಡಗೆನ್ನೆಗೆ ಕಾಫಿ ಆಯ್ತಾ?" ಅವನು ಹೀರೋ ಆಗಲು ಬಂದವನೇ ಅಲ್ಲ, ದೀಪ ಹೊರಲು ಬಂದವನು. ಇದ್ದಿಲಿನ ಕಡ್ಡಿ ಉರಿಸಿ ಬೆಳಕು ಮಾಡುವ ದೊಡ್ಡ ದೀಪಗಳ ಕಾಲ ಅದು. ಒಂದು ದಿನ ಕೆಂಡದ ಚೂರೊಂದು ಸಿಡಿದು ಅವನ ಬಲಗೆನ್ನೆಗೆ ಅಂಟಿಕೊಂಡಿತು. ಕೆನ್ನೆಗೆ ಬಟ್ಟೆ ಒತ್ತಿಕೊಂಡು, ಕೂಲಿ ಹೋಯಿತಲ್ಲ ಎಂದು ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಲೆನ್ಸು ಒರೆಸಿ ಸುಮ್ಮನೆ ಅತ್ತಿತ್ತ ತಿರುಗಿಸುತ್ತಿದ್ದ ಕ್ಯಾಮೆರಾಮನ್ನಿಗೆ ಅವನ ಎಡಬದಿ ಕಂಡಿತು. ಹಣೆ, ಮೂಗು, ಗಲ್ಲ ಒಂದೇ ಗೆರೆಯಲ್ಲಿ ಎಳೆದ ಹಾಗಿದ್ದವು. "ಏ, ಅಲ್ಲಾಡಬೇಡ," ಎಂದು ಅಲ್ಲಿಂದಲೇ ಹೇಳಿದ. ಅಪ್ಪನ ಮೂವತ್ತು ವರ್ಷದ ವೃತ್ತಿಗೆ ಅದೇ ಆರಂಭ, ಅದೇ ಸಾರಾಂಶ.

"ಎಲ್ಲಾ ಕಡೆ ಮುಖ ನೋಡಿ ಮಣೆ ಹಾಕ್ತಾರೆ, ನಮ್ಮಣ್ಣಂಗೆ ಅರ್ಧ ಮುಖಕ್ಕೇ ಹಾಕಿದ್ರು," ಎಂದು ಅತ್ತೆ ಹೇಳುವುದಿತ್ತು. ಅತ್ತೆ ಅಪ್ಪನ ತಂಗಿ. ಅಣ್ಣನ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ, ನಡುವೆ ನಿದ್ದೆ ಬರುತ್ತದೆ ಎನ್ನುತ್ತಿದ್ದಳು.

ಅವನಿಗಾಗಿ ಸೆಟ್ಟಿನ ಬಾಗಿಲುಗಳೆಲ್ಲ ಒಂದೇ ಕಡೆ ಕೂತವು. ಅರಮನೆಯಾಗಲಿ ಗುಡಿಸಲಾಗಲಿ, ಅವನು ತೆರೆಯ ಬಲದಿಂದ ಬಂದು ಎಡಕ್ಕೇ ನಡೆಯಬೇಕು. ಹಾಡಿನಲ್ಲಿ ಮರ ಸುತ್ತಿದರೂ ಒಂದೇ ದಿಕ್ಕು. ಒಬ್ಬ ನಾಯಕಿಗೂ ದುರದೃಷ್ಟಕ್ಕೆ ಎಡಬದಿಯೇ ಚೆಂದವಿತ್ತು. ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಇಡೀ ಸಿನಿಮಾದಲ್ಲಿ ಅವಳು ಅವನ ಬೆನ್ನಿಗೇ ಪ್ರೇಮ ನಿವೇದಿಸಿದಳು, ಅವನು ಎದುರಿನ ಕಂಬಕ್ಕೆ ಉತ್ತರ ಕೊಟ್ಟ. ಜನ ಅದನ್ನು ನಾಚಿಕೆ ಎಂದು ತಿಳಿದು ಮುಗಿಬಿದ್ದು ನೋಡಿದರು. ಆಮೇಲೆ ಸ್ವಲ್ಪ ಕಾಲ ಹುಡುಗರೆಲ್ಲ ಹುಡುಗಿಯರ ಹತ್ತಿರ ಅಡ್ಡ ನಿಂತು ಮಾತಾಡುತ್ತಿದ್ದರಂತೆ.

ಸ್ಟುಡಿಯೋದ ಚಾಳಿ ಮನೆಗೂ ಬಂತು. ಊಟದ ಮೇಜಿನಲ್ಲಿ ಅಪ್ಪನ ಎಡಕ್ಕೆ ಮಗಳ ಕುರ್ಚಿ, ಬಲಕ್ಕೆ ಅಮ್ಮನದು. ನೆಂಟರು ಬಂದರೆ ಎಡಕ್ಕೇ ಒತ್ತಿಕೊಂಡು ಕೂರಬೇಕು, ಬಲಕ್ಕೆ ಅಮ್ಮನಲ್ಲದೆ ಇನ್ನೊಬ್ಬರಿಲ್ಲ. ಅಮ್ಮ ಮೊದಲು ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಶೂಟಿಂಗ್ ಮುಗಿಸಿ ಬಂದವನ ಬಣ್ಣವನ್ನು ಅವಳೇ ಹತ್ತಿ, ಎಣ್ಣೆ ಹಿಡಿದು ತೆಗೆಯುತ್ತಿದ್ದಳು. ಆಗ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಒಳಗಿನಿಂದ ಇಬ್ಬರ ನಗು ಕೇಳುತ್ತಿತ್ತು. ಮಗಳು ಆ ಕೆನ್ನೆಯನ್ನು ನೋಡಿಯೇ ಇಲ್ಲ ಎಂದರೆ ಸುಳ್ಳಾದೀತು. ಓಡುವ ಬಸ್ಸಿನಿಂದ ಬೋರ್ಡು ಓದುವ ಹಾಗೆ ಆಗೊಮ್ಮೆ ಈಗೊಮ್ಮೆ ನೋಡಿದ್ದಳು, ಅದೂ ಪೌಡರಿನ ಮೇಲಿಂದ.

ಬಣ್ಣದ ಸಿನಿಮಾ ಬಂತು, ಅಪ್ಪನ ಕೂದಲು ನರೆಯಿತು. ಹೀರೋ ಹೋಗಿ ಹೀರೋನ ಅಣ್ಣನಾದ, ಆಮೇಲೆ ನ್ಯಾಯಾಧೀಶನಾದ. ಹೊಸ ನಿರ್ದೇಶಕನೊಬ್ಬ ಮನೆಗೇ ಬಂದು, ಖಳನ ಪಾತ್ರವಿದೆ, ಭಾರಿ ಪಾತ್ರ, ಆದರೆ ಬಲಗೆನ್ನೆ ತೋರಿಸಬೇಕು ಎಂದ. ಅಪ್ಪ ಅವನಿಗೆ ಕಾಫಿ ಕೊಡಿಸಿ ಕಳಿಸಿಬಿಟ್ಟ. "ಎಡಗೆನ್ನೆ ಕಂಪನೀದು, ಬಲಗೆನ್ನೆ ಮನೇದು ಕಣಯ್ಯಾ," ಎಂದು ಬಾಗಿಲ ತನಕ ಬಂದು ಹೇಳಿದ. ಆ ಮಾತು ಪತ್ರಿಕೆಗಳಲ್ಲಿ ಬಂತು, ಎಲ್ಲರೂ ಮೆಚ್ಚಿದರು. ಮಗಳು ಮಾತ್ರ ಮೆಚ್ಚಲಿಲ್ಲ. ಯಾವ ಮನೆಯದು, ನಾನೂ ಇದೇ ಮನೆಯಲ್ಲಿ ಇದ್ದೇನಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಅಮ್ಮ ಹೋದ ದಿನ ಅಪ್ಪನ ಮೇಲೆ ಉಳಿದಿದ್ದ ನಂಬಿಕೆಯೂ ಮುರಿದು ಬಿತ್ತು. ಅಪ್ಪ ಸೆಟ್ಟಿನಿಂದ ಬಣ್ಣದಲ್ಲೇ ಓಡಿ ಬಂದಿದ್ದ. ಕೋಣೆಯ ತುಂಬ ಜನ. ನಿರ್ಮಾಪಕ, ನೆರೆಹೊರೆ, ಅವನ ಹಿಂದೆಯೇ ಬಂದ ಹಳೆಯ ಕ್ಯಾಮೆರಾಮನ್ನು, ಎಲ್ಲರೂ ಇದ್ದರು. ಬಾಗಿಲ ಪಕ್ಕದಲ್ಲೇ, ಅಮ್ಮನ ತಲೆದಿಂಬಿನ ಹತ್ತಿರ ಜಾಗ ಬಿಟ್ಟಿದ್ದರು. ಅಪ್ಪ ಅಲ್ಲಿ ಕೂರಲಿಲ್ಲ. ಮಂಚ ಬಳಸಿಕೊಂಡು ಹೋಗಿ ಕಿಟಕಿಯ ಹತ್ತಿರ ನಿಂತ. ಸಂಜೆಯ ಬೆಳಕು ನೇರವಾಗಿ ಎಡಗೆನ್ನೆಗೆ ಬಿತ್ತು. ಅವನ ಕಣ್ಣಿಂದ ನೀರು ಇಳಿಯಿತು. ಕೋಣೆಗೆ ಕೋಣೆಯೇ ಬಿಕ್ಕಿತು. ಅಮ್ಮ ಕೈಯನ್ನು ಸ್ವಲ್ಪ ಎತ್ತಿ ಎರಡು ಬೆರಳು ಆಡಿಸಿದಳು. ನೀರು ಕೇಳುತ್ತಿದ್ದಾಳೆಂದು ಮಗಳು ಚಮಚ ಹಿಡಿದಳು. ಅಮ್ಮ ಕುಡಿಯಲಿಲ್ಲ. ಅಪ್ಪನ ಕಡೆಗೆ ನೋಡುತ್ತಲೇ ಇದ್ದಳು, ನೋಡುತ್ತಲೇ ಹೋದಳು.

ಅಂದಿನಿಂದ ಮಗಳು ಅಪ್ಪನ ಮನೆಗೆ ಹೋಗುವುದನ್ನು ಬಿಟ್ಟಳು. ಔಷಧಿಗೆ ವ್ಯವಸ್ಥೆ ಮಾಡುತ್ತಿದ್ದಳು, ಅಡುಗೆಯವಳನ್ನು ಗೊತ್ತುಮಾಡಿದ್ದಳು, ಕನ್ನಡಕ ಒಡೆದರೆ ಹೊಸದು ಮಾಡಿ ಅತ್ತೆಯ ಕೈಲಿ ಕಳಿಸುತ್ತಿದ್ದಳು. ಮಾತು ಮಾತ್ರ ಇಲ್ಲ. ಅವಳಿಗೆ ತಿಳಿಯಬೇಕಿದ್ದದ್ದು ಒಂದೇ: ಆ ಕಣ್ಣೀರು ಅಮ್ಮನಿಗೋ, ಬೆಳಕಿಗೋ. ಕೇಳಲು ಧೈರ್ಯವಿರಲಿಲ್ಲ. ಅವನು ಏನು ಹೇಳಿದರೂ ಚೆನ್ನಾಗಿಯೇ ಹೇಳುತ್ತಾನೆ, ಅದೇ ಅವನ ಕಸುಬು.

ಅವಳು ಆಸ್ಪತ್ರೆ ಮುಟ್ಟಿದಾಗ ಅತ್ತೆ ವರಾಂಡದ ಬೆಂಚಿನಲ್ಲಿ ಕೂತಿದ್ದಳು.

"ಬಂದ್ಯಾ ತಾಯಿ," ಎಂದಳು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇವನಿಗೆ ಸುಟ್ಟಮೇಲೇ ಬಂದಿದ್ದು ನೋಡು. ಡಾಕ್ಟ್ರು ಹೇಳಿದ್ರು, ಇನ್ನು ಬಹಳ ದಿನ ಇಲ್ಲ. ಮನಸ್ಸಲ್ಲಿ ಇರೋದನ್ನ ಕೇಳ್ಬಿಡು. ಆಮೇಲೆ ಗೋಡೆ ಹತ್ರ ಕೇಳ್ಬೇಕಾಗುತ್ತೆ."

ಕೋಣೆ ಸಣ್ಣದು. ಬಾಗಿಲಿನ ಎದುರು ಕಿಟಕಿ, ನಡುವೆ ಮಂಚ. ಅಪ್ಪ ಬಾಗಿಲಿಗೆ ಮುಖ ಮಾಡಿ ಮಲಗಿದ್ದ. ಕನ್ನಡಕ ಹಾಕಿಕೊಂಡೇ ಮಲಗಿದ್ದರಿಂದ ಅದರ ಒಂದು ಕಡ್ಡಿ ದಿಂಬಿಗೆ ಒತ್ತಿ ಸೊಟ್ಟಗಾಗಿತ್ತು. ಎಡಗೆನ್ನೆ ಇನ್ನೂ ಚೆಂದವಾಗಿಯೇ ಇತ್ತು. ಅದು ಅವಳಿಗೆ ಅನ್ಯಾಯ ಅನ್ನಿಸಿತು.

"ಅಂಗಡಿ ಮುಚ್ಚಿ ಬಂದ್ಯಾ?" ಎಂದ.

"ಹೂಂ. ಭುಜ ಹುಣ್ಣಾಗಿದೆಯಂತೆ. ಆ ಕಡೆ ತಿರುಗು."

"ಯಾರಾದ್ರೂ ಬರ್ತಾರೆ."

"ಬರ್ಲಿ ಬಿಡು."

ಅವನು ಸರಳು ಹಿಡಿದ. ಅವಳು ಸಿಟ್ಟಿನಲ್ಲೇ ಬಂದವಳು, ಸಿಟ್ಟಿನಲ್ಲೇ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕನ್ನಡಕ ತೆಗೆದಿಟ್ಟಳು. ಭುಜಕ್ಕೆ ಒಂದು ಕೈ ಕೊಟ್ಟು ಮೈ ಹೊರಳಿಸಿದರೂ ಮುಖ ಮಾತ್ರ ಹಟಮಾರಿ ಮಗುವಿನ ಹಾಗೆ ಬಾಗಿಲ ಕಡೆಗೇ ಉಳಿಯಿತು. ದಿನವೂ ಗಿರಾಕಿಗಳಿಗೆ ಮಾಡುವಂತೆ ಅವಳು ಎರಡು ಬೆರಳನ್ನು ಗಲ್ಲದ ಕೆಳಗಿಟ್ಟು ಮೆಲ್ಲಗೆ ತಿರುಗಿಸಿದಳು.

ಅಪ್ಪ ತಟ್ಟನೆ ಆ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

"ಹೀಗೇ ತಿರುಗಿಸ್ತಿದ್ಲು," ಎಂದ. "ಬಣ್ಣ ತೆಗೆಯೋವಾಗ. ಕಂಪನೀದು ಆಯ್ತು, ಇನ್ನು ನಂದು ಕೊಡಿ ಅನ್ನೋಳು."

ಮಗಳು ಇನ್ನೊಂದು ಕೈಯಿಂದ ದಿಂಬು ಸರಿಸಿದಳು.

"ಅವತ್ತೂ ಬೆರಳು ಎತ್ತಿದ್ಲು. ನೀನು ನೀರು ಕೊಟ್ಟೆ."

"ನೀರಲ್ವಾ ಅದು?"

"ಅಲ್ಲಮ್ಮ."

ಅವನು ಕಿಟಕಿಯ ಕಡೆ ನೋಡುತ್ತಿದ್ದ. "ಕಾಲು ತಾನಾಗೇ ಬೆಳಕಿಗೆ ಹೋಗಿತ್ತು. ಅಷ್ಟು ಜನ ನಿಂತಿದ್ರು. ತಿರುಗ್ಬೇಕು ಅಂತ ಗೊತ್ತಾಯ್ತು, ಕತ್ತು ಬರ್ಲಿಲ್ಲ. ಅವಳಿಗೂ ಕೊನೇಗೆ ಕಂಪನೀದೇ ಸಿಕ್ತು."

ಇಷ್ಟು ವರ್ಷ ಅವಳು ಎತ್ತಿಟ್ಟುಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕಣ್ಣೀರು ಅಮ್ಮನಿಗೇ, ನಿಂತ ಜಾಗ ಬೆಳಕಿನದು. ಅವಳು ಅವನ ಮೇಲೆ ಹೊರಿಸಿದ್ದ ತಪ್ಪಿಗಿಂತ ದೊಡ್ಡದನ್ನು ಅವನು ಆಗಲೇ ಹೊತ್ತುಕೊಂಡಿದ್ದ. ಅವಳಿಗೆ ತನ್ನ ಚಮಚ ನೆನಪಾಯಿತು. ಅಮ್ಮ ಕೇಳಿದ್ದನ್ನು ಗಂಡನೂ ಕೊಡಲಿಲ್ಲ, ಮಗಳಿಗೂ ತಿಳಿಯಲಿಲ್ಲ. ಅವನನ್ನು ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ಗೊತ್ತಾಗದೆ ಹೊದಿಕೆ ಸರಿಮಾಡಿದಳು.

ಅಷ್ಟರಲ್ಲಿ ನರ್ಸಮ್ಮ ಇಣುಕಿದಳು. "ಪತ್ರಿಕೆಯವರು ಬಂದಿದಾರೆ, ಸರ್. ಹೂವಿನ ಗುಚ್ಛ ತಂದಿದಾರೆ. ಒಂದೇ ಒಂದು ಫೋಟೋ ಅಂತೆ." ಅವಳ ಹಿಂದೆಯೇ ಫೋಟೋದವನು ಅರ್ಧ ಒಳಗೆ ಬಂದಿದ್ದ.

ಮಗಳು ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. "ತಿರುಗಿಸ್ಲಾ?"

ಅವನ ಕುತ್ತಿಗೆಯ ನರ ಒಮ್ಮೆ ಬಿಗಿದು ಸಡಿಲವಾಯಿತು.

"ಬೇಡ," ಎಂದ. "ನೀನು ಕಿಟಕಿ ಕಡೆ ಬಾ. ಕುರ್ಚಿ ಹಾಕ್ಕೋ."

ಅವಳು ಮಂಚ ಬಳಸಿಕೊಂಡು ಹೋಗಿ ಅವನ ಎದುರು ಕೂತಳು. ಬೆಳಕು ಅವಳ ಹೆಗಲ ಮೇಲಿಂದ ಹಾದು ಅವನ ಬಲಗೆನ್ನೆಗೆ ಬಿದ್ದಿತ್ತು. ಕಲೆ ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಕಿವಿಯ ಬುಡದಿಂದ ಇಳಿದು ಹೆಬ್ಬೆರಳಿನಷ್ಟು ಅಗಲ, ಅಷ್ಟೇ. ಇಷ್ಟಕ್ಕೆ ಅಷ್ಟೊಂದು ಬಾಗಿಲು ಕಿತ್ತು ಕೂರಿಸಿದರಾ ಎಂದು ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಸುಟ್ಟ ಚರ್ಮ ಎಳೆದುಕೊಂಡು ಬಲಕಿವಿ ಕೊಂಚ ಕೆಳಗಿತ್ತು. ಫೋಟೋಗಳಲ್ಲೆಲ್ಲ ಅಪ್ಪನ ಕನ್ನಡಕ ಯಾಕೆ ಓರೆಯಾಗಿರುತ್ತದೆ ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು.

"ಸರ್, ಸ್ವಲ್ಪ ಈ ಕಡೆ ನೋಡಿ," ಎಂದ ಫೋಟೋದವನು ಬಾಗಿಲಿಂದ.

"ಇವತ್ತು ಆಗಲ್ಲಪ್ಪ," ಎಂದ ಅಪ್ಪ, ತಿರುಗದೆ. "ಮಗಳ ಜೊತೆ ಇದೀನಿ."

ಅವಳು ಮೇಜಿನ ಮೇಲಿದ್ದ ಕನ್ನಡಕ ತೆಗೆದುಕೊಂಡಳು. ಬಲಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಗ್ಗಿಸಿ, ಅವನ ಕಿವಿಗೆ ಇಟ್ಟು ನೋಡಿ, ಇನ್ನೂ ಸ್ವಲ್ಪ ಬಗ್ಗಿಸಿದಳು.

"ಈಗ ಸರಿ ಕೂತಿತಾ?"

"ಕೂತಿತು," ಎಂದ ಅಪ್ಪ, ಅವಳ ಮುಖವನ್ನು ನೋಡುತ್ತ.