ಟೋಗಾ ಇಲ್ಲದ ಪ್ರಜೆ

"ಹಿಂದಕ್ ಸರಿಯೋ ಉಚ್ಚೆ ತುಳಿಯೋನೆ! ಟೋಗಾ ಎಲ್ಲೋ ಬೋಳಿಮಗನೆ?"

ಫೋರಂ ಚೌಕದ ಬಾಯಲ್ಲಿ ನಿಂತಿದ್ದ ಕಾವಲಿನವನ ದೊಣ್ಣೆ ವಿಬಿಯಸ್ಸನ ಎದೆಗೆ ಅಡ್ಡ ಬಂತು. ವಿಬಿಯಸ್ ಹೊದ್ದಿದ್ದು ಮೈಸುತ್ತ ಉಡುವ ಬಿಳಿ ಉಣ್ಣೆಯ ಟೋಗಾ ಅಲ್ಲ, ಕಂದು ಕಂಬಳಿ. ಮೂವತ್ತು ವರ್ಷ ಅದೇ ಚೌಕದಲ್ಲಿ ಕಂದು ಕಂಬಳಿಯಲ್ಲೇ ಓಡಾಡಿದವನು, ಭಾಷಣ ಕೇಳಿದವನು, ಹಿಡಿಸದ ಭಾಷಣಕ್ಕೆ ಕೊಳೆತ ಈರುಳ್ಳಿ ಎಸೆದವನು.

"ಟೋಗಾ ಯಾಕಪ್ಪ? ನಾನೇನ್ ಮದ್ವೆಗ್ ಬಂದಿದ್ದೀನಾ? ನ್ಯಾಯದ ಕಟ್ಟೆ ತಾವ ಹೋಗ್ಬೇಕು, ಬಿಡು."

"ಹೊಸಾ ಕಟ್ಳೆ ಬಂದದೆ. ಬಿಳೀ ಟೋಗಾ ಉಡ್ದೇ ಇರೋ ಪ್ರಜೆ ಒಳೀಕ್ ಕಾಲಿಡಂಗಿಲ್ಲ. ಮೊದಲನೇ ಪ್ರಜೆಯೋರು, ಅದೇ ರೋಮ್ ಆಳೋ ಬೆಟ್ಟದ್ ಮ್ಯಾಲಿನ ಮನೆ ಬುದ್ಧಿಯೋರು, ಅಪ್ಪಣೆ ಮಾಡವ್ರೆ. ನಮ್ ತಾತದೀರು ಹಂಗೇ ಉಡ್ತಿದ್ರಂತೆ, ನೋಡಕ್ ಲಕ್ಷಣವಾಗಿತ್ತಂತೆ."

ಅಷ್ಟರಲ್ಲಿ ಮೊಳಕಾಲುದ್ದದ ಅಂಗಿ ತೊಟ್ಟ ಇಬ್ಬರು ಗುಲಾಮರು ಒಡೆಯನ ಪೆಟ್ಟಿಗೆ ಹೊತ್ತು ಸರಸರನೆ ಒಳಗೆ ಹೋದರು.

"ಅವ್ರನ್ ಬಿಟ್ಯಲ್ಲೋ!"

"ಅವ್ರು ಗುಲಾಮ್ರು. ಅವ್ರ ಬಟ್ಟೆ ಯಾವನ್ ಕೇಳ್ತಾನೆ? ನೀನು ಪ್ರಜೆ ಕಣ್ಲಾ, ರೋಮಿನ ಪ್ರಜೆ! ಮಾನ ಮರ್ವಾದಿ ಬ್ಯಾಡ್ವೇನ್ಲಾ ನಿಂಗೆ?" ಎಂದು ಕಾವಲಿನವನು ಆ ಮರ್ಯಾದಸ್ಥನನ್ನು ದೊಣ್ಣೆಯ ತುದಿಯಿಂದ ಚರಂಡಿಗೆ ತಳ್ಳಿದ.

ಬೇರೆ ದಿನವಾಗಿದ್ದರೆ ವಿಬಿಯಸ್ ಎರಡು ಬೈಗುಳ ಕೊಟ್ಟು, ಎರಡು ಪಡೆದು, ನಕ್ಕು ಮನೆಗೆ ಹೋಗುತ್ತಿದ್ದ. ಆದರೆ ಒಳಗೆ ಕಟ್ಟೆಯ ಮುಂದೆ ಹಿಲಾರಾ ನಿಂತಿದ್ದಳು. ಅಗಸರ ಕೊಟ್ಟಿಗೆಯಲ್ಲಿ ನಾಲ್ಕು ವರ್ಷ ಅವನ ಪಕ್ಕದ ತೊಟ್ಟಿಯಲ್ಲಿ ಬಟ್ಟೆ ತುಳಿದವಳು. ಅವಳ ಹಳೆಯ ಒಡತಿ ಸಾಯುವ ಮೊದಲು ಸಾಕ್ಷಿಗಳ ಎದುರಿಗೆ ಅವಳನ್ನು ಬಿಡುಗಡೆ ಮಾಡಿದ್ದಳು. ಅಂತಃಕಲಹದ ಕಾಲದಲ್ಲಿ ಸಾಕ್ಷಿಗಳ ತಲೆ ಹಾರಿಹೋಯಿತು. ಈಗ ಒಡತಿಯ ತಮ್ಮನ ಮಗ ಮಾತ್ರಿನಿಯಸ್ ಬಂದು, ಇವಳು ನನ್ನ ಸೊತ್ತು, ಕೊಡಿ ಎನ್ನುತ್ತಿದ್ದಾನೆ. ಹೆಂಗಸಿನ ಮಾತು ಕಟ್ಟೆಯಲ್ಲಿ ನಡೆಯುವುದಿಲ್ಲ. ಪ್ರಜೆಯೊಬ್ಬ ಬಂದು ಅವಳ ಹೆಗಲಿಗೆ ಕೋಲು ಮುಟ್ಟಿಸಿ "ಇವಳು ಸ್ವತಂತ್ರಳು" ಎನ್ನಬೇಕು. ಹಾಗೆಂದರೆ ತೀರ್ಪು ಬರುವವರೆಗೂ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ಹೊತ್ತು ನೆತ್ತಿಗೆ ಬರುವುದರೊಳಗೆ ಯಾರೂ ಬರದಿದ್ದರೆ ಅಲ್ಲಿಂದಲೇ ಅವಳು ಮಾತ್ರಿನಿಯಸ್ಸನ ಮನೆಗೆ.

ಕೊಟ್ಟಿಗೆಯ ಧಣಿ, ಮಾತ್ರಿನಿಯಸ್ ನಮ್ಮ ಗಿರಾಕಿ ಎಂದು ಹೊಟ್ಟೆನೋವಿನ ನೆಪ ಹಿಡಿದು ಸ್ನಾನದ ಮನೆ ಸೇರಿಕೊಂಡಿದ್ದ. "ನಾನ್ ಬತ್ತೀನಿ ಕಣವ್ವ" ಎಂದವನು ವಿಬಿಯಸ್ ಒಬ್ಬನೇ.

ಅವನು ಓಡಿದ. ದನದ ಸಂತೆ ದಾಟಿ, ಹುರಿಗಡಲೆಯವನ ತಟ್ಟೆಗೆ ಡಿಕ್ಕಿ ಹೊಡೆದು, ಕೊಟ್ಟಿಗೆಗೆ ಬಂದು ಬಿದ್ದಾಗ ಮುದುಕ ಸ್ಕೀವಾ ತೊಟ್ಟಿಯಲ್ಲಿ ನಿಂತು ಕೊಳೆ ಬಿಡಲೆಂದು ಹಳೇ ಉಚ್ಚೆಯಲ್ಲಿ ಯಾರದೋ ಟೋಗಾ ತುಳಿಯುತ್ತಿದ್ದ.

"ಸ್ಕೀವಣ್ಣ, ಒಂದ್ ಟೋಗಾ!"

"ನೂರು ಅವೆ. ಯಾವ್ದೂ ನಮ್ದಲ್ಲ."

ವಿಬಿಯಸ್ ಏದುಸಿರು ಬಿಡುತ್ತಲೇ ಕಾವಲಿನವನ ಕತೆ ಹೇಳಿದ. ಮುದುಕ ತುಳಿಯುವುದನ್ನು ನಿಲ್ಲಿಸದೆ ಹೊಟ್ಟೆ ಹಿಡಿದು ನಕ್ಕ.

"ನಗ್ಬ್ಯಾಡ್ವೋ! ಇದೇ ಮಾತ್ರಿನಿಯಸ್ಸನ ಅಪ್ಪ ಚುನಾವಣೇಲಿ ಇಲ್ಲೀಗಂಟ ಬಂದು ನನ್ ಕೈ ಹಿಡ್ಕೊಂಡಿದ್ದ. 'ವಿಬಿಯಸ್, ಮಗನ್ ಕಾಲ್ನೋವು ವಾಸಿ ಆಯ್ತಾ' ಅಂದಿದ್ದ. ಹೆಸ್ರು ಹಿಡಿದು!"

"ಹಿಂದೆ ನಿಂತಿದ್ದ ಗುಲಾಮ ಅವ್ನ ಕಿವೀಲಿ ನಿನ್ ಹೆಸ್ರು ಊದಿದ್ದ ಕಣೋ. ನಿಂಗೆ ಮಗನೇ ಇರ್ನಿಲ್ಲ."

"ಇರ್ದಿದ್ರೇನು, ಕೇಳಿದ್ನಲ್ಲ! ಅವ್ನ ಮಗ ಈ ಮಾತ್ರಿನಿಯಸ್ ನಿನ್ನೆ ಬಂದಿದ್ದ. ಮೂಗಿಗೆ ಬಟ್ಟೆ ಅಡ್ಡ ಇಟ್ಕೊಂಡು, ನನ್ ಟೋಗಾಕ್ಕೆ ಸುಣ್ಣ ಚೆಂದಾಗಿ ಹಾಕ್ರೋ ಅಂದ. ಹಿಲಾರಾ ಇಸ್ಯ ಬುದ್ಧಿ ಅಂದೆ. ನಾಯಿ ಬೊಗಳಿದ್ರೂ ತಿರುಗ್ ನೋಡ್ತಾರೆ, ಅದೂ ಇಲ್ಲ."

"ಯಾಕ್ ನೋಡ್ತಾನೆ? ಅಪ್ಪಂಗೆ ನಮ್ ಸಾವಿರ ಕೈ ಬೇಕಿತ್ತು. ಮಗಂಗೆ ಬೆಟ್ಟದ್ ಮ್ಯಾಲಿನ ಮನೆಯೋನ ಒಂದೇ ಕೈ ಸಾಕು. ಮಾಡಿದ್ದು ಯಾರು? ನೀನೇ ಬಡ್ಡೀಮಗನೆ. ಗೋಧಿ ಇಲ್ದಾಗ ಸೆನೆಟಿನ ಬಾಗ್ಲಿಗೆ ಸೌದೆ ಹೊತ್ಕೊಂಡ್ ಹೋಗಿದ್ದೋನು ಯಾರು? ಎಲ್ಲಾ ಅಧಿಕಾರ ಅವ್ರೊಬ್ರಿಗೇ ಕೊಡಿ, ಇಲ್ದಿದ್ರೆ ಒಳಗಿರೋರ್ನೆಲ್ಲ ಸುಟ್ಬುಡ್ತೀವಿ ಅಂತ?"

"ಗೋಧಿ ಬಂತಲ್ಲ."

"ಬಂತು. ಓಟು ಹೋಯ್ತು."

"ಎಲ್ಲಿಗ್ ಹೋಯ್ತು? ಮೊನ್ನೇನೂ ಹಾಕಿದ್ನಲ್ಲ!"

"ಯಾರ್ಗ್ ಹಾಕ್ದೆ?"

ವಿಬಿಯಸ್ ತಲೆ ಕೆರೆದುಕೊಂಡ. "ಅವ್ರು ಹೇಳ್ದೋರಿಗೆ."

ನೂರು ಟೋಗಾಗಳಲ್ಲಿ ತೊಂಬತ್ತೊಂಬತ್ತು ಒದ್ದೆ. ಒಣಗಿದ್ದು ಒಂದೇ. ಗಂಧಕದ ಹೊಗೆ ಉಂಡು, ಸೀಮೆಸುಣ್ಣ ಬಳಿಸಿಕೊಂಡು, ಬಿದಿರುಬುಟ್ಟಿಯಂಥ ಗೂಡಿನ ಮೇಲೆ ಕಣ್ಣು ಕುಕ್ಕುವಂತೆ ಹರಡಿಕೊಂಡಿತ್ತು. ಸಂಜೆ ಬೆಟ್ಟದ ಮೇಲಿನ ಮನೆಗೆ ಕೈಮುಗಿಯಲು ಹೋಗುವಾಗ ಉಡುವುದಕ್ಕೆಂದು ಮಾತ್ರಿನಿಯಸ್ ಕೊಟ್ಟಿದ್ದ ಉಮೇದುವಾರಿಕೆಯ ಟೋಗಾ.

ಇಬ್ಬರೂ ಅದನ್ನೇ ನೋಡಿದರು.

"ಬ್ಯಾಡ ಕಣೋ. ಕಳ್ಳತನ ಅಂತ ಚರ್ಮ ಸುಲೀತಾರೆ. ಧಣಿ ಕೆಲ್ಸ ತೆಗೀತಾನೆ."

"ತೆಗೀಲಿ. ಆ ತಾಯಿ ನನ್ ದಾರಿ ನೋಡ್ತಾ ನಿಂತವ್ಳೆ."

ಸ್ಕೀವಾ ತೊಟ್ಟಿಯಿಂದ ಇಳಿದು ಕಾಲು ಒರೆಸಿಕೊಂಡ. "ಅಂಗಿ ಬಿಚ್ಚಲಾ. ಕಂದು ಬಣ್ಣ ಹೊರಗ್ ಕಂಡ್ರೆ ಹಿಡ್ಕೋತಾರೆ."

ಜೀವಮಾನವಿಡೀ ಟೋಗಾ ಮಡಿಸಿದವರಿಗೆ ಉಡಿಸಲು ಬರುವುದಿಲ್ಲವೇ? ಎಡ ಹೆಗಲ ಮೇಲೆ ಹಾಕಿ, ಬೆನ್ನು ಬಳಸಿ, ಬಲ ಕಂಕುಳ ಕೆಳಗೆ ತಂದು ಮತ್ತೆ ಎಡಕ್ಕೆ ಎಸೆದು, ನೆರಿಗೆ ಜಗ್ಗಿ ನಿಲ್ಲಿಸಿದರೆ ವಿಬಿಯಸ್ ಸಾಕ್ಷಾತ್ ಸೆನೆಟರನಂತೆ ಕಂಡ. ಒಳಗೆ ಕೌಪೀನ, ಕೆಳಗೆ ಉಚ್ಚೆಗೆ ಬಿರಿದ ಪಾದ.

"ಓಡ್ಬ್ಯಾಡ. ದೊಡ್ಡೋರು ಓಡಲ್ಲ," ಎಂದ ಸ್ಕೀವಾ.

ಓಡಬೇಕೆಂದರೂ ಆ ಹನ್ನೆರಡು ಮೊಳ ಉಣ್ಣೆ ಬಿಡಬೇಕಲ್ಲ. ಬೀದಿಯ ಜನ ಇಬ್ಭಾಗವಾದರು. ಆಗಲೇ ಬೈದು ಅಟ್ಟಿಸಿಕೊಂಡು ಬಂದಿದ್ದ ಹುರಿಗಡಲೆಯವನು ಈಗ ತಟ್ಟೆ ಪಕ್ಕಕ್ಕೆಳೆದು ತಲೆ ಬಾಗಿಸಿದ. ವಿಬಿಯಸ್ಸನಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಚೌಕದ ಬಾಯಲ್ಲಿ ಅದೇ ಕಾವಲಿನವನು ದೊಣ್ಣೆ ಬಗಲಿಗಿಟ್ಟು ನಡು ಬಗ್ಗಿಸಿದ.

"ಬನ್ನಿ ಬುದ್ಧಿ, ಬನ್ನಿ. ಮೆಟ್ಲು ಹುಷಾರು."

ಮುಖ ನೋಡಿದ್ದರೆ ತಾನೆ!

ಕಟ್ಟೆಯ ಮೇಲೆ ನ್ಯಾಯಾಧಿಕಾರಿ ಆಕಳಿಸುತ್ತಿದ್ದ. ಮಾತ್ರಿನಿಯಸ್ಸನ ಆಳು ಹಿಲಾರಾಳ ರಟ್ಟೆ ಹಿಡಿದಿದ್ದ. "ಮೂರನೇ ಸಲ ಕೂಗುತ್ತಿದ್ದೇನೆ. ಇವಳ ಪರ ಯಾರಾದರೂ ಉಂಟೋ?" ಎಂದ ನ್ಯಾಯಾಧಿಕಾರಿ.

"ನಾನಿವ್ನಿ!"

ಎಲ್ಲರೂ ತಿರುಗಿದರು. ವಿಬಿಯಸ್ ಬಂದವನೇ ಕಟ್ಟೆಯ ಮೇಲಿದ್ದ ಕೋಲು ಎತ್ತಿ ಹಿಲಾರಾಳ ಹೆಗಲಿಗೆ ಮುಟ್ಟಿಸಿದ. "ಇವ್ಳು ಸ್ವತಂತ್ರಳು. ನಾನ್ ಹೇಳ್ತಾ ಇವ್ನಿ."

ಹಿಲಾರಾ ಬಾಯಿ ತೆರೆದು, ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ ಪಿಸುಗುಟ್ಟಿದಳು: "ಯಣ್ಣ, ಇದು ನಾನ್ ತುಳ್ದಿದ್ ಬಟ್ಟೆ."

"ಸುಮ್ಕಿರವ್ವ."

"ಬರೆದುಕೋ," ಎಂದ ನ್ಯಾಯಾಧಿಕಾರಿ ಗುಮಾಸ್ತನಿಗೆ. "ಇಬ್ಬರ ಹೆಸರೂ ಬರೆದು ಮುಗಿಯುವ ತನಕ ಕೋಲು ಹೆಗಲು ಬಿಡಬಾರದು. ಬಿಟ್ಟರೆ ಹೇಳಿದ್ದು ಬಿದ್ದುಹೋಗುತ್ತದೆ."

ಗುಮಾಸ್ತ ಮೇಣದ ಹಲಗೆ ತೆಗೆದ, ಬಿಡಿಸಿದ, ಕಡ್ಡಿ ಹುಡುಕಿದ. ಅಷ್ಟರಲ್ಲಿ ಬಿಸಿಲಿಗೆ ವಿಬಿಯಸ್ಸನ ಮೈವಾಸನೆ ಎದ್ದಿತು. ಕಟ್ಟೆಯ ಪಕ್ಕದಲ್ಲೇ ನಿಂತಿದ್ದ ಮಾತ್ರಿನಿಯಸ್ ಮೂಗರಳಿಸಿದ. ಕಣ್ಣು ಪಾದಕ್ಕಿಳಿಯಿತು, ಅಲ್ಲಿಂದ ನೆರಿಗೆಗೆ ಏರಿತು.

"ಅಗಸ! ಸೂಳೆಮಗ! ಅದು ನನ್ ಟೋಗಾ! ಬಿಚ್ಚಿಸ್ರೋ!"

ಕಾವಲಿನವನು ಓಡಿಬಂದ. ಮುಖ ನೋಡಿದ, ಗುರುತು ಸಿಕ್ಕಿತು, ನಾಚಿಕೆಗೆ ಇನ್ನಷ್ಟು ಕೋಪ ಬಂತು. ಸೆರಗು ಹಿಡಿದು ಎಳೆದ.

"ತಿರುಗಲಾ!"

"ನಾನ್ ತಿರುಗಕ್ಕಿಲ್ಲ. ಕೋಲು ಜಾರ್ತದೆ. ನೀನೇ ಸುತ್ತು."

ಬೇರೆ ದಾರಿಯಿರಲಿಲ್ಲ. ಕಾವಲಿನವನು ಅಗಸನ ಸುತ್ತ ಪ್ರದಕ್ಷಿಣೆ ಹಾಕಿ ಹನ್ನೆರಡು ಮೊಳ ಬಿಚ್ಚಿದ. ಸುಣ್ಣದ ಧೂಳೆದ್ದು ಕೆಮ್ಮಿದ. ಕೊನೆಗೆ ಕೌಪೀನದಲ್ಲಿ ಉಳಿದವನನ್ನು ನೋಡಿ ಗುಡುಗಿದ: "ಟೋಗಾ ಇಲ್ದೋರು ಇಲ್ಲಿ ನಿಲ್ಲಂಗಿಲ್ಲ! ನಡಿ ಆಚೆಗೆ!"

"ಬಿಚ್ದೋನು ನೀನೇ ಅಲ್ವೇನ್ಲಾ?" ಎಂದು ವಿಬಿಯಸ್ ಕೋಲನ್ನು ಅವಳ ಹೆಗಲಿಂದ ಸರಿಸದೆಯೇ ಕಲ್ಲುನೆಲದ ಮೇಲೆ ಕುಕ್ಕರಿಸಿದ. "ನಾನಂತೂ ನಡಿಯಾಕಿಲ್ಲ. ಬೇಕಾದ್ರೆ ಎಳ್ಕೊಂಡ್ ಹೋಗು. ಗುಮಾಸ್ತ್ರೇ, ವಿಬಿಯಸ್ ಅಂತ ಬರ್ಕಳಿ, ಅಗಸ!"

ಇಬ್ಬರು ಕಾವಲಿನವರು ಅವನ ಕಾಲು ಹಿಡಿದು ಎಳೆದರು. ಬೆನ್ನು ಕಲ್ಲಿಗೆ ಉಜ್ಜಿತು, ಆದರೂ ವಿಬಿಯಸ್ ಕೋಲು ಬಿಡಲಿಲ್ಲ. ಹಿಲಾರಾ ಆಳಿನ ಕೈಯನ್ನು ಕಚ್ಚಿ ಬಿಡಿಸಿಕೊಂಡಳು. ಕೋಲಿನ ತುದಿಯನ್ನು ಎರಡೂ ಕೈಯಲ್ಲಿ ತನ್ನ ಹೆಗಲಿಗೆ ಒತ್ತಿಹಿಡಿದು, ಎಳೆದವರ ಜೊತೆಜೊತೆಗೇ ಹೆಜ್ಜೆ ಹಾಕಿದಳು. ಕಟ್ಟೆಯ ಮೇಲೆ ಗುಮಾಸ್ತ ಎರಡನೆಯ ಹೆಸರನ್ನು ಇನ್ನೂ ಬರೆಯುತ್ತಿದ್ದ.