ಇಬ್ಬರ ಭಾರದ ಮಂಚ

ಮಂಚ ಮುರಿದದ್ದು ಚಳಿ ಶುರುವಾಗುವ ಮುಂಚೆ. ಚಳಿ ಮುಗಿದರೂ ಕ್ರೇನಪ್ಪ ಅದನ್ನು ಸರಿಮಾಡಿರಲಿಲ್ಲ. ಕೈಲಾಗದವನೇನಲ್ಲ. ಆಯುಷ್ಯವೆಲ್ಲ ಬಂದರಿನಲ್ಲಿ ಕ್ರೇನು ಓಡಿಸಿದವನು, ಆ ಹೆಸರೂ ಅಲ್ಲಿಂದಲೇ ಅಂಟಿಕೊಂಡದ್ದು. ಮನೆ ಗಾತ್ರದ ಪೆಟ್ಟಿಗೆಯನ್ನು ಹಡಗಿನ ಮೇಲೆ ಮೊಟ್ಟೆ ಇಟ್ಟ ಹಾಗೆ ಇಳಿಸುತ್ತಿದ್ದವನಿಗೆ ನಾಲ್ಕು ಮರದ ಪಟ್ಟಿ ಏನು ಮಹಾ! ಆದರೆ ಮಂಚ ಸರಿಯಾದರೆ ಬೀಗರನ್ನು ಕರೆಯಬೇಕು. ಕರೆದರೆ ಬೀಗರು ಬರುವುದಿಲ್ಲ ಎನ್ನಬಹುದು. ಮಂಚ ಮುರಿದಿರುವ ತನಕ ಕರೆಯದೆ ಇರಲು ಒಂದು ನೆಪವಾದರೂ ಇತ್ತು.

ಅವನ ವಾಸ ಒಂದು ಹಳೆಯ ಮೋಟಾರ್‌ಹೋಮಿನಲ್ಲಿ. ಹೆಂಡತಿ ತೀರಿಕೊಂಡು, ಮಗನ ಮದುವೆಯೂ ಆದ ಮೇಲೆ ಬಾಡಿಗೆ ಮನೆ ಬಿಟ್ಟು ಕೊಂಡ ಗಾಡಿ ಅದು. ಒಳಗೆ ಎರಡು ಉರಿಯ ಒಲೆ, ಬೊಗಸೆಯಷ್ಟು ಸಿಂಕು, ಮೈ ತಿರುಗಿಸಿದರೆ ಮೊಣಕೈ ಬಡಿಯುವ ಬಚ್ಚಲು, ಹಿಂಬದಿಯಲ್ಲಿ ಮಂಚ. ಗಾಡಿ ನಿಂತಿದ್ದದ್ದು ನದಿಯ ಪಕ್ಕದ ಬಯಲಿನಲ್ಲಿ. ಅಲ್ಲಿ ಒಂದು ನಲ್ಲಿ, ಒಂದು ಕರೆಂಟು ಕಂಬ. ಬೇರೆ ಗಾಡಿಗಳು ಬರುತ್ತಿದ್ದವು, ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದವು, ಹೋಗುತ್ತಿದ್ದವು. ಹೋಗುವವರು "ನೀವ್ ಯಾವಾಗ ಹೊರಡೋದು?" ಎಂದು ಕೇಳಿದರೆ "ನೋಡ್ಬೇಕು" ಎನ್ನುತ್ತಿದ್ದ.

ಬೀಗರೆಂದರೆ ಸೊಸೆಯ ತಂದೆ. ಊರ ನಡುವೆ ಬೇಕರಿ ಇಟ್ಟಿದ್ದವರು, ತಾವು ಬೇಯಿಸಿದ ಬ್ರೆಡ್ಡಿನಲ್ಲಿ ಅರ್ಧ ತಾವೇ ತಿಂದವರ ಹಾಗೆ ಕಾಣುತ್ತಿದ್ದವರು. ಮದುವೆ ಮಾತುಕತೆಗೆ ಬಂದ ದಿನ ಇಬ್ಬರೂ ಬಿಗಿಯಾಗಿ ಕುರ್ಚಿ ತುದಿಯಲ್ಲಿ ಕೂತಿದ್ದರು. ಆಮೇಲೆ ಯಾರೋ ಬಾಗಿಲಿಗೆ ಕಾರು ಗುದ್ದಿದರು, ಇಬ್ಬರೂ ಒಟ್ಟಿಗೆ ಹೊರಗೆ ಓಡಿದರು, ಒಟ್ಟಿಗೆ ಬೈದರು. ಬೈಗುಳ ಹೊಂದಿತು ಎಂದರೆ ಜಾತಕ ಹೊಂದಿದ ಹಾಗೆಯೇ ಎಂದು ಬೀಗರು ಆಮೇಲೆ ಎಷ್ಟೋ ಸಲ ಹೇಳಿ ನಗುತ್ತಿದ್ದರು. ಮಕ್ಕಳು ಸಂಸಾರ ಹೂಡಿದರು, ಅಪ್ಪಂದಿರು ಬಿಡುವಾದಾಗಲೆಲ್ಲ ಗಾಡಿ ಹತ್ತಿ ತಿರುಗಿದರು. ವಯಸ್ಸಾದ ಮೇಲೆ ಸ್ನೇಹಿತ ಸಿಗುವುದು ಹಲ್ಲು ಹುಟ್ಟಿದ ಹಾಗೆ; ಕ್ರೇನಪ್ಪನಿಗೆ ಅದು ಸಿಕ್ಕಿತ್ತು.

ಕೊನೆಯ ಸುತ್ತಾಟದಲ್ಲೇ ಮಂಚ ಮುರಿದದ್ದು. ಅದು ಎಳೆಯುವ ಮಂಚ. ಅರ್ಧ ಪಟ್ಟಿಗಳು ಗೋಡೆಯ ಕಡೆ ಗಟ್ಟಿಯಾಗಿ ಕೂತಿರುತ್ತವೆ, ಇನ್ನರ್ಧ ಜಾರುವ ಚೌಕಟ್ಟಿನಲ್ಲಿ. ಎರಡೂ ಕೈಯ ಬೆರಳು ಹೆಣೆದ ಹಾಗೆ ಒಂದರ ಸಂದಿಯಲ್ಲಿ ಒಂದು. ಒಳಗೆ ತಳ್ಳಿದರೆ ಹಗಲಿಗೆ ಕೂರುವ ಬೆಂಚು, ಎದುರಿಗೊಂದು ಮೇಜು. ಹೊರಗೆ ಎಳೆದರೆ ರಾತ್ರಿಗೆ ಇಬ್ಬರ ಹಾಸಿಗೆ. ಎಳೆದಾಗ ಸಂದಿ ದೊಡ್ಡದಾಗಿ, ಪ್ರತಿ ಪಟ್ಟಿಯೂ ಭಾರವನ್ನು ಒಂಟಿಯಾಗಿ ಹೊರಬೇಕು. ಬೀಗರು ಮಗ್ಗುಲು ಬದಲಿಸಿದರು, ಪಟ್ಟಿಗಳು ಪಟಪಟನೆ ಸಿಡಿದವು, ಇಬ್ಬರೂ ಕೆಳಗಿನ ಡಬ್ಬಿ, ಬೂಟು, ನೀರಿನ ಪೈಪುಗಳ ನಡುವೆ ಬಿದ್ದರು. "ಬೀಗ್ರೆ, ಬದುಕಿದೀರಾ?" ಎಂದು ಬೀಗರು ಕೇಳಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಏಳಲು ಆಗದೆ ಅಲ್ಲೇ ಬಿದ್ದುಕೊಂಡು ಮತ್ತೆ ನಕ್ಕರು.

ಊರಿಗೆ ಮರಳಿದರೆ ಮಕ್ಕಳು ಬೇರೆಯಾಗಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿದವರು ಯಾರೋ, ಈ ಜಗಳ ಉಂಡಿತು, ಮಲಗಿತು, ಬೆಳಗ್ಗೆ ಎದ್ದು ವಕೀಲರ ಮನೆಗೂ ಹೋಯಿತು. ತಪ್ಪು ಮಗನದೇ ಹೆಚ್ಚು ಎಂದು ಕ್ರೇನಪ್ಪನಿಗೆ ಗೊತ್ತಿತ್ತು. ಮಗ ಬೇರೆ ಊರು ಸೇರಿ, ಫೋನಿನಲ್ಲಿ "ಅಪ್ಪ, ನೀನು ಆ ಕಡೆ ಹೋಗ್ಬೇಡ" ಎಂದಷ್ಟೇ ಹೇಳಿದ. ಬೀಗರನ್ನು ನೋಡಬೇಡ ಎಂದು ಬೇರೆ ಯಾರೂ ಹೇಳಲಿಲ್ಲ. ಆದರೆ ಯಾವ ಮುಖ ಹೊತ್ತು ಹೋಗುವುದು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸುಗಳಿರಲಿಲ್ಲ, ಬಡವಾದವರು ಇಬ್ಬರು ಮುದುಕರು.

ಆ ಚಳಿಗಾಲವೆಲ್ಲ ಅವನು ಗೋಡೆಯ ಕಡೆ ಉಳಿದ ಅರ್ಧದಲ್ಲಿ ಮುದುರಿ ಮಲಗಿದ. ಒಂಟಿತನ ಅವನಿಗೆ ಹೊಸದಲ್ಲ. ಕ್ರೇನಿನ ಗೂಡಿನಲ್ಲಿ ಅಷ್ಟೆತ್ತರದಲ್ಲಿ ದಿನವಿಡೀ ಒಬ್ಬನೇ ಕೂತವನು. ಆದರೆ ಆಗ ಸಂಜೆಯಾದರೆ ಏಣಿ ಇಳಿದು ಬರುವುದಿತ್ತು, ಕೆಳಗೆ ಯಾರೋ ಒಬ್ಬರು ಚಹಾ ಹಿಡಿದು ಬೈಯುತ್ತಾ ಕಾಯುವುದಿತ್ತು. ಈಗ ಸಂಜೆಯಾದರೂ ಇಳಿದು ಹೋಗುವ ಕಡೆ ಇರಲಿಲ್ಲ. ಕೆಲವು ದಿನ ಅವನ ಗಂಟಲಿನಿಂದ ಒಂದು ಮಾತೂ ಹೊರಡದೆ ಕತ್ತಲಾಗುತ್ತಿತ್ತು.

ಬಿಸಿಲು ಸ್ವಲ್ಪ ಬಲಿತ ಒಂದು ಬೆಳಗ್ಗೆ, ನೀರು ಹಿಡಿಯುವಾಗ, ಮುಂದಿನ ಸಲ ಕಡಲ ದಂಡೆಯ ದಾರಿಗೆ ಹೋಗೋಣ ಎಂದು ಬೀಗರು ಮಾತು ಕೊಟ್ಟಿದ್ದು ನೆನಪಾಯಿತು. ಏನಾದರಾಗಲಿ, ಒಂದು ಸಲ ಕೇಳಿಯೇಬಿಡುತ್ತೇನೆ ಎಂದು ಮುರಿದ ಪಟ್ಟಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮರದಂಗಡಿಗೆ ಹೊರಟ.

ಅಂಗಡಿಯಾಕೆ ಪಟ್ಟಿಯನ್ನು ತಿರುಗಿಸಿ ನೋಡಿದಳು. "ಗಂಟಿರೋ ಕಡೆನೇ ಮುರ್ದಿದೆ. ಎಷ್ಟ್ ಜನ ಮಲಗ್ತೀರಾ ಯಜಮಾನ್ರೆ?"

"ಇಬ್ರು."

"ಇನ್ನೊಬ್ರು ನಿಮ್ ಥರ ಕಡ್ಡಿನಾ?"

"ಕಡ್ಡಿ ಅಲ್ಲ. ಕಡ್ಡಿ ಪೊಟ್ಟಣದ ಗೋಡೌನು."

ಆಕೆ ನಕ್ಕು, ಗಂಟಿಲ್ಲದ ಪಟ್ಟಿಗಳನ್ನು ಆರಿಸಿ ಹಾಕಿದಳು. "ಇದನ್ನ ಹಾಕಿದ್ರೂ ಎಳೆಯೋ ಮಂಚ ಎಳೆಯೋ ಮಂಚನೇ. ನಿಜವಾಗ್ಲೂ ಗಟ್ಟಿ ಆಗ್ಬೇಕು ಅಂದ್ರೆ ಕೆಳಗಡೆ ಅಡ್ಡ ಒಂದು ಉದ್ದ ಮರದ ರೀಪು ಹಾಕಿ, ಎರಡೂ ಕಡೆ ಪಟ್ಟಿಗೂ ಸ್ಕ್ರೂ ಬಿಗೀರಿ. ನಡುವೆ ಒಂದು ಕಾಲು ಕೊಡಿ. ಆನೆ ಮಲಗಿದ್ರೂ ಜಗ್ಗಲ್ಲ. ಆದ್ರೆ ಆಮೇಲೆ ಒಳಗೆ ಹೋಗಲ್ಲ ಅದು. ಬೆಂಚೂ ಇಲ್ಲ, ಮೇಜೂ ಇಲ್ಲ. ಊಟನೂ ಹಾಸಿಗೆ ಮೇಲೇ."

"ಪರವಾಗಿಲ್ಲ."

"ಇನ್ನೊಬ್ರನ್ನ ಕೇಳಿದೀರಾ? ಅವ್ರು ಬರೋದು ಗ್ಯಾರಂಟಿನಾ?"

ಕ್ರೇನಪ್ಪ ಆಕೆ ತೆಗೆದಿಟ್ಟ ರೀಪಿನ ತುದಿಯನ್ನು ಉಗುರಿನಿಂದ ಕೆರೆದ. "ಕೇಳ್ಬೇಕು."

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತಿದೀರಲ್ಲ!" ಎಂದು ಆಕೆ ಪಟ್ಟಿಗಳನ್ನು ಹಗ್ಗದಲ್ಲಿ ಕಟ್ಟಿಕೊಟ್ಟಳು.

ಕೆಲಸ ಸುಲಭದ್ದಾಗಿರಲಿಲ್ಲ. ಚೌಕಟ್ಟಿನ ಸೀಳಿದ ಅಂಚಿನೊಳಕ್ಕೆ ಗೋಂದು ಇಳಿಸಿ, ಬಿಗಿಯಾಗಿ ಕಟ್ಟಿ, ಒಣಗಲು ಬಿಟ್ಟ. ಪಟ್ಟಿಗಳ ಮೂಲೆ ಉಜ್ಜಿ ದುಂಡಗೆ ಮಾಡಿದ. ಮೊದಲ ಸ್ಕ್ರೂವನ್ನು ಅವಸರದಲ್ಲಿ ತೂತು ಕೊರೆಯದೆ ತಿರುಗಿಸಿದ್ದಕ್ಕೆ ಹೊಸ ಪಟ್ಟಿಯೇ ಸೀಳಿತು. ತನ್ನನ್ನೇ ಬಾಯಿಗೆ ಬಂದ ಹಾಗೆ ಬೈದುಕೊಂಡ. ಜೊತೆಗೆ ಬೈಯುವವರಿಲ್ಲದ ಬೈಗುಳಕ್ಕೆ ರುಚಿಯಿರಲಿಲ್ಲ. ಆಮೇಲೆ ಪ್ರತಿ ಸ್ಕ್ರೂವಿಗೂ ಮೊದಲು ಸಣ್ಣ ತೂತು ಕೊರೆದ. ಅಂಗಾತ ಮಲಗಿ ಕೆಳಗಿನಿಂದ ರೀಪು ಬಿಗಿಯುವಾಗ ಮರದ ಪುಡಿ ಕಣ್ಣಿಗೆ ಬೀಳುತ್ತಿತ್ತು. ಕೊನೆಯ ಸ್ಕ್ರೂ ಕೂರಿಸಿ ಹೊರಗೆ ಬಂದು ಮಂಚವನ್ನು ಒಳಗೆ ತಳ್ಳಿ ನೋಡಿದ. ಅಲ್ಲಾಡಲಿಲ್ಲ. ಗಾಡಿಯ ಅರ್ಧವನ್ನು ಅದು ನುಂಗಿತ್ತು. ಒಲೆಯ ಹತ್ತಿರ ಹೋಗಬೇಕಾದರೆ ಗೋಡೆಗೆ ಒರಗಿ ಅಡ್ಡಡ್ಡ ನಡೆಯಬೇಕಿತ್ತು.

ಪರೀಕ್ಷೆ ಮಾಡದೆ ಬೀಗರನ್ನು ಮಲಗಿಸುವ ಹಾಗಿರಲಿಲ್ಲ. ನಲ್ಲಿಯಲ್ಲಿ ನೀರಿನ ಕ್ಯಾನುಗಳನ್ನು ತುಂಬಿಸಿ, ಬೀಗರ ತೂಕಕ್ಕೆ ಸಾಕು ಎನಿಸುವಷ್ಟನ್ನು ಹೊರ ಅಂಚಿನ ಕಡೆ ಉದ್ದಕ್ಕೆ ಜೋಡಿಸಿದ. ಹೊಟ್ಟೆಯ ಜಾಗದಲ್ಲಿ ಒಂದು ಹೆಚ್ಚಿಗೆ ಇಟ್ಟ. ತಾನು ಗೋಡೆ ಕಡೆ ಮಲಗಿ, ಮಗ್ಗುಲು ಬದಲಿಸಿ, ಕುಲುಕಿ ನೋಡಿದ. ಮಂಚ ತುಟಿ ಪಿಟಕ್ ಅನ್ನಲಿಲ್ಲ. ಕ್ಯಾನುಗಳ ಒಳಗೆ ನೀರು ತುಳುಕಿ ನಿಂತಿತು. ಕೆಲಸ ಮುಗಿದಿತ್ತು, ಆದರೂ ಅವನು ಎದ್ದೇಳಲಿಲ್ಲ. ಪಕ್ಕದಲ್ಲಿ ಭಾರ ಇದ್ದರೆ ಹಾಸಿಗೆ ಆ ಕಡೆಗೆ ಸ್ವಲ್ಪ ವಾಲುತ್ತದೆ, ಆ ವಾಲು ಮೈಗೆ ಹಿತವಾಗಿತ್ತು. ನೀರಿನ ಕ್ಯಾನಿನ ಪಕ್ಕದಲ್ಲಿ ಮಲಗಿದ್ದವನಿಗೆ ಅಳು ಬಂತು. ಥೂ, ಎಂದು ಎದ್ದು ಮುಖ ತೊಳೆದುಕೊಂಡ. ಕ್ಯಾನುಗಳನ್ನು ಕೆಳಗಿಳಿಸಿ, ಒಳ್ಳೆಯ ಅಂಗಿ ಹಾಕಿಕೊಂಡು ಬೇಕರಿಗೆ ಹೊರಟ.

ಗಲ್ಲಾದ ಹಿಂದೆ ಸೊಸೆ ನಿಂತಿದ್ದಳು. ಸೊಸೆ ಎನ್ನುವ ಹಾಗಿಲ್ಲ ಈಗ, ಆದರೆ ಬೇರೆ ಏನೆನ್ನುವುದು? ಮುಖ ಇಳಿದು ಕಣ್ಣಷ್ಟೇ ಉಳಿದಿತ್ತು. ಅವನನ್ನು ಕಂಡು ಅವಳ ಕೈ ಒಂದು ಗಳಿಗೆ ತಡೆಯಿತು. ಕೇಳದೆಯೇ, ಅವನು ಯಾವಾಗಲೂ ಒಯ್ಯುತ್ತಿದ್ದ ಎಳ್ಳು ಹಾಕಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿದಳು. ಮಾವ ಎನ್ನಲಿಲ್ಲ, ಸರ್ ಎನ್ನಲೂ ಇಲ್ಲ.

"ಚೆನ್ನಾಗಿದೀಯಾಮ್ಮ?"

"ಹ್ಞೂಂ."

ಹಿಂದೆ ಇನ್ನೊಬ್ಬ ಗಿರಾಕಿ ಬಂದ. ಕ್ರೇನಪ್ಪ ಪೊಟ್ಟಣ ಹಿಡಿದು ಪಕ್ಕದ ಸಂದಿಗೆ, ಬೇಕರಿಯ ಹಿಂಬಾಗಿಲಿಗೆ ನಡೆದ. ಬೀಗರು ಖಾಲಿ ತಟ್ಟೆಗಳನ್ನು ಕೊಡವುತ್ತಿದ್ದರು.

"ಓಹೋ, ಬೀಗ್ರು!" ಎಂದು ಗಟ್ಟಿಯಾಗಿ ಕೂಗಿಬಿಟ್ಟವರು ಕೂಡಲೇ ಒಳಗೆ ತಿರುಗಿ ನೋಡಿ ದನಿ ಇಳಿಸಿದರು. "ಏನ್ ಸಮಾಚಾರ?"

"ಮಂಚ ರಿಪೇರಿ ಆಯ್ತು."

"ಅಯ್ಯೋ, ಆ ಮಂಚ!" ಬೀಗರಿಗೆ ನಗು ಉಕ್ಕಿತು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡದ್ದಕ್ಕೆ ಮೀಸೆಯೆಲ್ಲ ಬೆಳ್ಳಗಾಯಿತು. "ನೋಡ್ಬೇಕಲ್ಲ ಹಾಗಾದ್ರೆ. ನೀವ್ ಮುಂದೆ ನಡೀತಿರಿ, ನಾನು ಹಿಂದಿಂದ ಬರ್ತೀನಿ."

ಜೊತೆಗೆ ಬರುತ್ತೇನೆ ಎನ್ನಲಿಲ್ಲ. ಕ್ರೇನಪ್ಪನಿಗೆ ಅದು ತಾಗಿತು, ಆದರೆ ಬರುತ್ತೇನೆ ಎಂದದ್ದೇ ಅವನ ಮಟ್ಟಿಗೆ ದೊಡ್ಡದು.

ಬೀಗರು ಬಂದು ರೀಪನ್ನು ಬೆರಳಿನಿಂದ ತಟ್ಟಿ ನೋಡಿದರು, ಬಗ್ಗಿ ಮಂಚದ ನಡುವಿನ ಕಾಲನ್ನು ಅಲ್ಲಾಡಿಸಿದರು. "ಕೂರೋಕೆ ಎಲ್ಲಿದೆ ಜಾಗ?"

"ಇಲ್ಲ. ಮಲಗೋಕ್ ಮಾತ್ರ."

ಬೂಟು ಬಿಚ್ಚಿ ಹುಷಾರಾಗಿ ಮಲಗಿದರು. ಕ್ರೇನಪ್ಪ ಪಕ್ಕದಲ್ಲಿ ಮಲಗಿದ. ಹಾಸಿಗೆ ಬೀಗರ ಕಡೆಗೆ ವಾಲಿತು. ಇಬ್ಬರೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದರು. ಏನೂ ಮುರಿಯಲಿಲ್ಲ.

"ಮುಂದಿನ ವಾರ ಕಡಲ ದಾರಿಗೆ ಹೊರಡೋಣ ಅಂತಿದೀನಿ. ನೀವೂ ಬರ್ತೀರಾ?" ಎಂದು ಕ್ರೇನಪ್ಪ ಕೇಳಿದ.

ಬೀಗರು ಸೂರು ನೋಡುತ್ತಲೇ ಇದ್ದರು. "ಅವಳು ಸರಿಯಾಗಿ ಊಟ ಮಾಡಲ್ಲ ಬೀಗ್ರೆ. ನಾನು ಯಾರ್ ಜೊತೆಗಾದ್ರೂ ನಗೋದು ಕೇಳಿಸಿದ್ರೆ ಎದ್ದು ರೂಮಿಗೆ ಹೋಗ್ತಾಳೆ. ಇನ್ನು ನಿಮ್ ಜೊತೆ ಊರೂರು ಸುತ್ಕೊಂಡು ಬಂದ್ರೆ..."

"ನಾನೇನ್ ಮಾಡ್ದೆ?"

"ನೀವೇನೂ ಮಾಡಿಲ್ಲ. ಆದ್ರೆ ಮೂಗು, ಹಣೆ, ನಡಿಗೆ, ಎಲ್ಲ ಅವನದ್ದೇ ಅಲ್ವಾ. ನೀವು ಅಂಗಡಿಗೆ ಬಂದ್ ಹೋದ್ರಲ್ಲ, ಅಷ್ಟಕ್ಕೇ ಇವತ್ತು ರಾತ್ರಿ ಅವಳು ನಿದ್ದೆ ಮಾಡಲ್ಲ."

ಕ್ರೇನಪ್ಪ ಮಗನನ್ನು ಬೈಯಬಹುದಿತ್ತು, ಅದರಿಂದ ಮೂಗು ಬದಲಾಗುತ್ತಿರಲಿಲ್ಲ. ಅವನು ಮಾತು ಜೋಡಿಸುವಷ್ಟರಲ್ಲಿ ಪಕ್ಕದಿಂದ ಗೊರಕೆ ಕೇಳಿಸಿತು. ಕೋಳಿ ಕೂಗುವ ಮುಂಚೆ ಎದ್ದು ಹಿಟ್ಟು ನಾದುವ ಜೀವ, ಬೆನ್ನು ನೆಲ ಕಂಡರೆ ಸಾಕು. ಕ್ರೇನಪ್ಪ ಅಲ್ಲಾಡದೆ ಮಲಗಿದ. ಎಷ್ಟೋ ತಿಂಗಳ ಮೇಲೆ ಅವನ ಗಾಡಿಯಲ್ಲಿ ಇನ್ನೊಂದು ಉಸಿರು ಆಡುತ್ತಿತ್ತು. ಹೀಗೆಯೇ ಇರಲಿ ದೇವರೇ ಎಂದುಕೊಂಡ.

ಬೀಗರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅರ್ಧ ಹೊರಗೆ ಜಾರಿದ್ದ ಪರದೆಯ ಮೇಲೆ 'ಮಗಳು' ಎಂದಿತ್ತು. ಕ್ರೇನಪ್ಪ ನೋಡಿದ, ಎಬ್ಬಿಸಲಿಲ್ಲ. ಅದು ತಾನೇ ನಿಂತಿತು. ಮತ್ತೆ ಹೊಡೆದುಕೊಂಡಾಗ ಆ ಇಳಿದ ಮುಖ ಕಣ್ಣ ಮುಂದೆ ಬಂತು. ಬೀಗರ ಭುಜ ಅಲ್ಲಾಡಿಸಿದ. "ಏಳಿ. ಮಗಳ ಫೋನು."

ಬೀಗರು ಗಾಬರಿಯಿಂದ ಎದ್ದು ಕೂತು ಫೋನು ಕಿವಿಗಿಟ್ಟರು. "ಹಾ ಕಂದ... ಗಿರಣಿ ಹತ್ರ ಇದೀನಿ. ಹಿಟ್ಟು ಇನ್ನೂ ಬೀಸ್ತಿದಾರೆ. ಇಲ್ಲ, ಒಬ್ನೇ ಇದೀನಿ. ಬಂದೆ ಬಂದೆ."

ಫೋನು ಇಟ್ಟರು. ಅವರ ಕಿವಿ ಕೆಂಪಗಾಗಿತ್ತು. ಬೂಟು ಹಾಕಿಕೊಳ್ಳಲು ಬಗ್ಗಿದವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಪಕ್ಕದಲ್ಲಿ ಕೂತವನನ್ನು ಇಲ್ಲ ಎಂದಿದ್ದರು, ಅದೂ ಒಂದೇ ಉಸಿರಿನಲ್ಲಿ. ಹೋಗಿ ಸ್ವಾಮಿ, ಮತ್ತೆ ಈ ಕಡೆ ತಲೆ ಹಾಕಬೇಡಿ, ನನಗೂ ಮಾನ ಇದೆ ಎಂದು ಹೇಳಬೇಕು ಎನಿಸಿತು ಕ್ರೇನಪ್ಪನಿಗೆ. ನಾಳೆಯೇ ಗಾಡಿ ತೆಗೆದು ಕಡಲ ಕಡೆ ಒಬ್ಬನೇ ಹೊರಟುಬಿಡಬೇಕು ಎನಿಸಿತು.

ಬೀಗರು ಬಾಗಿಲಿನಲ್ಲಿ ನಿಂತರು. ಅವನ ಮುಖ ನೋಡದೆ, ಚಿಲಕವನ್ನು ನೋಡುತ್ತಾ ಹೇಳಿದರು. "ಬರೋ ವಾರನೂ ಹಿಟ್ಟು ಬೀಸೋಕ್ ಕೊಡೋದಿದೆ."

ಕ್ರೇನಪ್ಪ ಬಾಯಿ ತೆರೆದ. ಆಡಬೇಕೆಂದುಕೊಂಡ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಯಾವ್ ಹೊತ್ತಿಗೆ?" ಎಂದು ಕೇಳಿದ.